ಅಲರ್ಜಿ ನೆಗಡಿ: ಶಿವಮೊಗ್ಗ–ಭದ್ರಾವತಿ ಪರಿಸರದಲ್ಲಿ ಸ್ವರೂಪ ಮತ್ತು ಉಪಶಮನ

ಅಲರ್ಜಿ ನೆಗಡಿ ಎಂಬುದು ಪರಾಗ, ಮನೆಧೂಳು, ಬೂಷ್ಟಿನ ಬೀಜಕ ಮುಂತಾದ, ಬಹುಪಾಲು ಜನರಿಗೆ ನಿರುಪದ್ರವಿಯಾದ ಕಣಗಳು ಉಸಿರಿನೊಡನೆ ಒಳಸೇರಿದಾಗ ದೇಹದ ರಕ್ಷಣಾ ವ್ಯವಸ್ಥೆ ಅತಿಯಾಗಿ ಪ್ರತಿಕ್ರಿಯಿಸುವುದರಿಂದ ಮೂಗಿನ ಒಳಪೊರೆಯಲ್ಲಿ ಉಂಟಾಗುವ ಉರಿಯೂತ. ಮೇಲಿಂದ ಮೇಲೆ ಸೀನು, ನೀರಿನಂಥ ಸಿಂಬಳ, ಮೂಗು ಕಟ್ಟುವುದು, ಮೂಗು ಮತ್ತು ಕಣ್ಣಿನ ತುರಿಕೆ ಇದರ ಮುಖ್ಯ ಲಕ್ಷಣಗಳು. ಇದು ಒಬ್ಬರಿಂದ ಇನ್ನೊಬ್ಬರಿಗೆ ಹರಡುವ ರೋಗವಲ್ಲ.

ಹೆಸರು ಮತ್ತು ವ್ಯಾಪ್ತಿ

ಇಂಗ್ಲೆಂಡಿನಲ್ಲಿ ಹುಲ್ಲು ಕೊಯ್ದು ಒಣಗಿಸುವ ಬೇಸಿಗೆಯಲ್ಲಿ ಕಾಣಿಸಿಕೊಳ್ಳುತ್ತಿದ್ದ ಕಾರಣ ಈ ರೋಗಕ್ಕೆ ಅಲ್ಲಿ ‘ಹೇ ಫೀವರ್’ ಎಂಬ ಹೆಸರು ಬಂದಿತು. ಆದರೆ ಒಣಹುಲ್ಲೊಂದೇ ಇದಕ್ಕೆ ಕಾರಣವಲ್ಲ, ಜ್ವರವೂ ಇದರ ಲಕ್ಷಣವಲ್ಲ. ಕನ್ನಡದ ವೈದ್ಯಬರಹಗಳಲ್ಲಿ ಅಲರ್ಜಿಗೆ ‘ಒಗ್ಗದಿಕೆ’ ಎಂಬ ಪದವೂ, ಈ ರೋಗಕ್ಕೆ ‘ಪರಾಗಜ್ವರ’ ಎಂಬ ಪದವೂ ಬಳಕೆಯಲ್ಲಿದ್ದು, ಜನರ ಮಾತಿನಲ್ಲಿ ಇದು ಸಾಮಾನ್ಯವಾಗಿ ‘ಡಸ್ಟ್ ಅಲರ್ಜಿ’ ಎನಿಸಿಕೊಳ್ಳುತ್ತದೆ. ಪ್ರಸ್ತುತ ಲೇಖನದಲ್ಲಿ ಪರಾಗದಿಂದ ಬರುವ ಮತ್ತು ಮನೆಯೊಳಗಿನ ಕಣಗಳಿಂದ ಬರುವ ಎರಡೂ ಬಗೆಗಳಿಗೆ ‘ಅಲರ್ಜಿ ನೆಗಡಿ’ ಎಂಬ ಒಂದೇ ಪದವನ್ನೂ, ಪ್ರತಿಕ್ರಿಯೆಯನ್ನು ಕೆರಳಿಸುವ ವಸ್ತುವಿಗೆ ‘ಅಲರ್ಜಿಕಾರಕ’ ಎಂಬ ಪದವನ್ನೂ ಬಳಸಲಾಗಿದೆ. ಜಗತ್ತಿನ ವಯಸ್ಕರಲ್ಲಿ ಶೇ. 10ರಿಂದ 30ರಷ್ಟು ಮಂದಿಯನ್ನು ಇದು ಬಾಧಿಸುತ್ತದೆಂದು ಅಂದಾಜಿಸಲಾಗಿದೆ.

ಇತಿಹಾಸ

ಭಾರತೀಯ ವೈದ್ಯಗ್ರಂಥಗಳು ಮೂಗು ಸೋರುವ ರೋಗವನ್ನು ‘ಪ್ರತಿಶ್ಯಾಯ’ ಎಂದು ಹೆಸರಿಸಿವೆ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಇದರ ಚಿಕಿತ್ಸೆಗಾಗಿ ಪ್ರತ್ಯೇಕ ಅಧ್ಯಾಯವೇ ಇದ್ದು, ಧೂಳು ಮತ್ತು ಹೊಗೆಯ ಸೇವನೆಯನ್ನೂ ಕಾರಣಗಳ ಸಾಲಿನಲ್ಲಿ ಸೇರಿಸಲಾಗಿದೆ. ಪರ್ಷಿಯದ ವೈದ್ಯ ಅಲ್-ರಾಝಿ ಗುಲಾಬಿ ಹೂವಿನ ಕಾಲದಲ್ಲಿ ಬರುವ ನೆಗಡಿಯನ್ನು ಕುರಿತು ಬರೆದಿದ್ದನು. ಆಧುನಿಕ ವಿವರಣೆ ಆರಂಭವಾದದ್ದು 1819ರಲ್ಲಿ, ಲಂಡನ್ನಿನ ವೈದ್ಯ ಜಾನ್ ಬಾಸ್ಟಾಕ್ ತನಗೇ ಪ್ರತಿ ಬೇಸಿಗೆಯಲ್ಲಿ ಬರುತ್ತಿದ್ದ ಈ ತೊಂದರೆಯನ್ನು ವೈದ್ಯಸಂಘದ ಮುಂದೆ ಮಂಡಿಸಿದಾಗ. ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ತನ್ನ ಮೇಲೆಯೇ ಪ್ರಯೋಗಗಳನ್ನು ನಡೆಸಿ, ಹುಲ್ಲಿನ ಪರಾಗವೇ ಇದಕ್ಕೆ ಕಾರಣವೆಂಬುದನ್ನು 1873ರಲ್ಲಿ ಪ್ರಕಟಿಸಿದನು. 1906ರಲ್ಲಿ ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ‘ಅಲರ್ಜಿ’ ಎಂಬ ಪದವನ್ನು ಚಾಲ್ತಿಗೆ ತಂದನು. 1911ರಲ್ಲಿ ಲೆನಾರ್ಡ್ ನೂನ್ ಪರಾಗದ ಸಾರವನ್ನು ಚುಚ್ಚುಮದ್ದಾಗಿ ಕೊಡುವ ಚಿಕಿತ್ಸೆಯನ್ನು ವರದಿ ಮಾಡಿದನು. ಈ ಪ್ರತಿಕ್ರಿಯೆಗೆ ಮೂಲವಾದ ಇಮ್ಯುನೊಗ್ಲಾಬುಲಿನ್-ಇ ಎಂಬ ಪ್ರತಿಕಾಯವನ್ನು 1960ರ ದಶಕದ ಉತ್ತರಾರ್ಧದಲ್ಲಿ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ ದಂಪತಿಯೂ, ಅವರಿಂದ ಸ್ವತಂತ್ರವಾಗಿ ಸ್ವೀಡನ್ನಿನ ವಿಜ್ಞಾನಿಗಳೂ ಗುರುತಿಸಿದರು.

ಕರ್ನಾಟಕದಲ್ಲಿ ಗಾಳಿಯಲ್ಲಿ ತೇಲುವ ಪರಾಗ ಮತ್ತು ಬೀಜಕಗಳ ಅಧ್ಯಯನವಾದ ವಾಯುಜೀವಶಾಸ್ತ್ರಕ್ಕೆ ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಶ್ರೀಪಾದ ಅಗಾಶೆ ಅವರ ಕೊಡುಗೆ ಗಣನೀಯವಾದುದು. ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಸಹೋದ್ಯೋಗಿಗಳು ಕಾಂಗ್ರೆಸ್ ಗಿಡದ ಪರಾಗವನ್ನು ಕುರಿತು ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನವು, ಬೆಂಗಳೂರಿನ ಜನಸಂಖ್ಯೆಯ ಸುಮಾರು ಶೇ. 7ರಷ್ಟು ಮಂದಿ ಈ ಒಂದು ಗಿಡದ ಪರಾಗದಿಂದಲೇ ಅಲರ್ಜಿ ನೆಗಡಿಗೆ ಒಳಗಾಗಿದ್ದಾರೆಂದು ತಿಳಿಸಿತು.

ರೋಗ ಉಂಟಾಗುವ ಬಗೆ

ಅಲರ್ಜಿ ನೆಗಡಿ ಎರಡು ಹಂತಗಳಲ್ಲಿ ರೂಪುಗೊಳ್ಳುತ್ತದೆ. ಮೊದಲನೆಯದಾದ ಸಂವೇದೀಕರಣದ ಹಂತದಲ್ಲಿ, ಅನುವಂಶಿಕವಾಗಿ ಅಲರ್ಜಿಯ ಒಲವುಳ್ಳ ವ್ಯಕ್ತಿಯ ಮೂಗಿಗೆ ಅಲರ್ಜಿಕಾರಕವು ಪದೇ ಪದೇ ತಾಕಿ, ಅದಕ್ಕೆಂದೇ ಮೀಸಲಾದ ಇಮ್ಯುನೊಗ್ಲಾಬುಲಿನ್-ಇ ದೇಹದಲ್ಲಿ ತಯಾರಾಗಿ ಮಾಸ್ಟ್ ಕೋಶಗಳೆಂಬ ಜೀವಕೋಶಗಳ ಮೈಗೆ ಅಂಟಿಕೊಳ್ಳುತ್ತದೆ. ಈ ಅವಧಿಯಲ್ಲಿ ಯಾವ ಲಕ್ಷಣವೂ ಕಾಣದಿರುವುದರಿಂದ, ವರ್ಷಗಟ್ಟಲೆ ಒಂದೇ ಊರಿನಲ್ಲಿ ಆರೋಗ್ಯವಾಗಿದ್ದವರಿಗೂ ಮುಂದೊಂದು ದಿನ ತೊಂದರೆ ಆರಂಭವಾಗಬಹುದು. ಎರಡನೆಯ ಹಂತದಲ್ಲಿ ಅದೇ ಅಲರ್ಜಿಕಾರಕ ಮತ್ತೆ ಒಳಬಂದಾಗ ಮಾಸ್ಟ್ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ಹಿಸ್ಟಮಿನ್ ನರಗಳನ್ನು ಕೆರಳಿಸಿ ಕೆಲವೇ ನಿಮಿಷಗಳಲ್ಲಿ ಸೀನು ಮತ್ತು ತುರಿಕೆಯನ್ನೂ, ಗ್ರಂಥಿಗಳನ್ನು ಪ್ರಚೋದಿಸಿ ಸಿಂಬಳವನ್ನೂ ತರುತ್ತದೆ. ಕೆಲವು ಗಂಟೆಗಳ ತರುವಾಯ ಇಯೊಸಿನೊಫಿಲ್ ಎಂಬ ಬಿಳಿರಕ್ತಕಣಗಳು ಒಳಪೊರೆಗೆ ಬಂದು ಸೇರಿ ಊತವನ್ನು ಉಳಿಸುವುದರಿಂದ, ಬೆಳಿಗ್ಗೆ ಧೂಳು ತಾಕಿದವರಿಗೆ ಸಂಜೆಯವರೆಗೂ ಮೂಗು ಕಟ್ಟಿಕೊಂಡಿರುವುದುಂಟು.

ಒಣಮೆಣಸಿನಕಾಯಿಯ ಘಾಟು, ಊದುಬತ್ತಿ ಮತ್ತು ಒಲೆಯ ಹೊಗೆ, ವಾಹನಗಳ ಹೊಗೆ ಹಾಗೂ ಸಿಮೆಂಟಿನ ಧೂಳು ಅಲರ್ಜಿಕಾರಕಗಳಲ್ಲ; ಅವು ಉದ್ರೇಕಕಾರಿಗಳು, ಅಂದರೆ ಪ್ರತಿಕಾಯದ ಸಂಬಂಧವಿಲ್ಲದೆ ಯಾರ ಮೂಗನ್ನಾದರೂ ಕೆರಳಿಸಬಲ್ಲವು. ಆದರೆ ಅಲರ್ಜಿಯಿಂದ ಮೊದಲೇ ಊದಿಕೊಂಡಿರುವ ಮೂಗಿಗೆ ಇವು ಅಲ್ಪ ಪ್ರಮಾಣದಲ್ಲಿ ತಾಕಿದರೂ ಸಾಕಾಗುತ್ತದೆ. ಶಿವಮೊಗ್ಗದ ಗಾಂಧಿ ಬಜಾರಿನಂಥ ಹಳೆಯ ಪೇಟೆಯಲ್ಲಿ ಕಿರಾಣಿ ಚೀಲಗಳ ಧೂಳು, ಬಟ್ಟೆಯ ಎಳೆ, ಸಾಂಬಾರ ಪದಾರ್ಥಗಳ ಘಾಟು ಮತ್ತು ವಾಹನದ ಹೊಗೆ ಒಂದೇ ಇಕ್ಕಟ್ಟಾದ ಬೀದಿಯಲ್ಲಿ ಸೇರುವುದರಿಂದ, ಅಲ್ಲಿ ಸೀನು ಬಂದ ಮಾತ್ರಕ್ಕೆ ಯಾವುದೋ ಒಂದು ಪದಾರ್ಥವೇ ಅಲರ್ಜಿಕಾರಕವೆಂದು ನಿರ್ಧರಿಸಲಾಗದು.

ಶಿವಮೊಗ್ಗ–ಭದ್ರಾವತಿ ಪರಿಸರದ ಅಲರ್ಜಿಕಾರಕಗಳು

ತುಂಗೆಯ ದಡದ ಶಿವಮೊಗ್ಗವೂ ಭದ್ರೆಯ ದಡದ ಭದ್ರಾವತಿಯೂ ಮಲೆನಾಡು ಬಯಲುಸೀಮೆಯನ್ನು ಸೇರುವ ಅಂಚಿನಲ್ಲಿವೆ. ಇದೇ ಜಿಲ್ಲೆಯ ಆಗುಂಬೆಯಲ್ಲಿ ವಾರ್ಷಿಕ ಮಳೆ 7,000 ಮಿಲಿಮೀಟರನ್ನು ಮೀರಿದರೆ ಶಿವಮೊಗ್ಗ ನಗರದಲ್ಲಿ ಅದರ ಸಣ್ಣ ಭಾಗವಷ್ಟೇ ಬೀಳುತ್ತದೆ. ಹೀಗಾಗಿ ತೇವದ ಮಲೆನಾಡಿನ ಬೂಷ್ಟು ಮತ್ತು ಒಣ ಬಯಲಿನ ಕಳೆಗಿಡ, ಎರಡರ ಪ್ರಭಾವವೂ ಇಲ್ಲಿ ಬೆರೆತಿದೆ.

ಕಳೆ ಮತ್ತು ಹುಲ್ಲು: ಉಷ್ಣವಲಯದ ಅಮೆರಿಕ ಮೂಲದ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು ಬಳಿಕ ಕರ್ನಾಟಕದಾದ್ಯಂತ ಹಬ್ಬಿತು. ಖಾಲಿ ನಿವೇಶನ, ರಸ್ತೆಬದಿ ಮತ್ತು ರೈಲುಹಳಿಗಳ ಪಕ್ಕದಲ್ಲಿ ಮುಂಗಾರಿನೊಡನೆ ಚಿಗುರಿ, ನೀರು ದೊರೆತಲ್ಲಿ ವರ್ಷದ ಬಹುಕಾಲ ಹೂಬಿಡುತ್ತದೆ. ಇದರ ಪರಾಗ ನೆಗಡಿಯನ್ನೂ, ಎಲೆ ಮತ್ತು ರೋಮಗಳ ಸ್ಪರ್ಶ ಚರ್ಮದ ಉರಿಯೂತವನ್ನೂ ತರುತ್ತವೆ. ಗರಿಕೆ ಮೊದಲಾದ ಹುಲ್ಲುಗಳು, ಮುಳ್ಳುಹರಿವೆ ಮತ್ತು ಹರಳು ಗಿಡಗಳ ಪರಾಗವೂ ಗಾಳಿಯಲ್ಲಿ ಹರಡುತ್ತದೆ.

ಮರಗಳು: ಗಾಳಿಯಿಂದ ಪರಾಗಸ್ಪರ್ಶವಾಗುವ ಮರಗಳು ಅಲರ್ಜಿಯ ದೃಷ್ಟಿಯಿಂದ ಮುಖ್ಯವಾದವು. ಎಲೆಯುದುರಿಸುವ ಕಾಡಿನ ತಪಸಿ ಮರ ಬೇಸಿಗೆಯ ಆರಂಭದಲ್ಲಿ ಎಲೆಗಳಿಲ್ಲದ ಕೊಂಬೆಗಳಲ್ಲಿ ಹೂಬಿಟ್ಟು ವಿಪುಲವಾಗಿ ಪರಾಗ ಚೆಲ್ಲುತ್ತದೆ. ಸರ್ವೆ ಮರವೂ ಇದೇ ಗುಂಪಿಗೆ ಸೇರುತ್ತದೆ. ಜಿಲ್ಲೆಯ ಮುಖ್ಯ ಬೆಳೆಯಾದ ಅಡಿಕೆಯ ಹಿಂಗಾರದಿಂದ ಉದುರುವ ಪರಾಗವು ಬಹುಮಟ್ಟಿಗೆ ಗಾಳಿಯನ್ನೇ ಅವಲಂಬಿಸಿದ್ದು, ಅದು ಅಲರ್ಜಿಕಾರಕವೆಂಬುದನ್ನು ಪಶ್ಚಿಮ ಬಂಗಾಳದ ಅಧ್ಯಯನಗಳು ತೋರಿಸಿವೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗಾಗಿ ಬೆಳೆಸಿದ ಅಕೇಶಿಯಾ ನೆಡುತೋಪುಗಳೇ ಮಲೆನಾಡಿನ ಕೆಮ್ಮು-ನೆಗಡಿಗೆ ಕಾರಣವೆಂಬ ನಂಬಿಕೆ ಜನರಲ್ಲಿ ವ್ಯಾಪಕವಾಗಿದೆ. ಅಕೇಶಿಯಾದ ಪರಾಗ ಅಲರ್ಜಿ ತರಬಲ್ಲುದಾದರೂ, ಹಲವು ಕಣಗಳು ಗುಂಪಾಗಿ ಅಂಟಿಕೊಂಡು ಭಾರವಾಗಿರುವುದರಿಂದಲೂ ಪರಾಗಸ್ಪರ್ಶಕ್ಕೆ ಮುಖ್ಯವಾಗಿ ಕೀಟಗಳನ್ನು ಅವಲಂಬಿಸಿರುವುದರಿಂದಲೂ, ಅದು ತೋಪಿನಿಂದ ಬಹುದೂರ ಸಾಗುವ ಸಾಧ್ಯತೆ ಹುಲ್ಲಿನ ಪರಾಗಕ್ಕಿಂತ ಕಡಿಮೆ.

ಬೂಷ್ಟು: ಮಳೆಗಾಲದಲ್ಲಿ ತೇವ ಹಿಡಿದ ಗೋಡೆ, ಚರ್ಮದ ಚಪ್ಪಲಿ, ಪುಸ್ತಕ ಮತ್ತು ಬೀರುವಿನೊಳಗಿನ ಬಟ್ಟೆಗಳ ಮೇಲೆ ಬೆಳೆಯುವ ಬೂಷ್ಟಿನ ಬೀಜಕಗಳು ಪರಾಗಕ್ಕಿಂತ ಸಾಮಾನ್ಯವಾಗಿ ಚಿಕ್ಕವಾಗಿದ್ದು ಸುಲಭವಾಗಿ ತೇಲುತ್ತವೆ. ಆಸ್ಪರ್ಜಿಲಸ್, ಪೆನಿಸಿಲಿಯಂ, ಕ್ಲಾಡೊಸ್ಪೋರಿಯಂ ಮತ್ತು ಆಲ್ಟರ್ನೇರಿಯಾ ಇವುಗಳಲ್ಲಿ ಮುಖ್ಯವಾದವು. ರಸ್ತೆಬದಿಯಲ್ಲಿ ಸುರಿದು ಕೊಳೆಯುವ ಅಡಿಕೆ ಸಿಪ್ಪೆಯೂ ನೆನೆದ ಹುಲ್ಲಿನ ಬಣವೆಯೂ ಬೂಷ್ಟಿನ ನೆಲೆಗಳು.

ಮನೆಧೂಳಿನ ನುಸಿ: ಮೂರನೇ ಒಂದು ಮಿಲಿಮೀಟರಿನಷ್ಟೂ ಉದ್ದವಿಲ್ಲದ, ಮನುಷ್ಯರ ಚರ್ಮದಿಂದ ಉದುರುವ ಹೊಟ್ಟನ್ನು ತಿಂದು ಬದುಕುವ ಈ ನುಸಿಗಳು ಹತ್ತಿಯ ಹಾಸಿಗೆ, ದಿಂಬು, ಕಂಬಳಿ ಮತ್ತು ಸೋಫಾಗಳಲ್ಲಿ ನೆಲೆಸುತ್ತವೆ. ಅವುಗಳ ಹಿಕ್ಕೆಯಲ್ಲಿರುವ ಪ್ರೋಟೀನು ವರ್ಷಪೂರ್ತಿ ಕಾಡುವ ಅಲರ್ಜಿ ನೆಗಡಿಯ ಪ್ರಮುಖ ಕಾರಣಗಳಲ್ಲೊಂದು. ಜಿರಳೆ ಹಾಗೂ ಬೆಕ್ಕು-ನಾಯಿಗಳ ಚರ್ಮದ ಹೊಟ್ಟು ಈ ಸಾಲಿನ ಇತರ ಕಾರಣಗಳು.

ಕಸುಬಿನ ಧೂಳು: ಸುಗ್ಗಿಯಲ್ಲಿ ಭತ್ತದ ಒಕ್ಕಣೆ, ಅಕ್ಕಿ ಗಿರಣಿಯ ತೌಡು, ಒಣಗಿದ ಗೊರಬಲು ಅಥವಾ ಚಾಲಿ ಅಡಿಕೆಯನ್ನು ಸುಲಿಯುವಾಗ ಏಳುವ ನಾರಿನ ಪುಡಿ, ಮಂಡಿಯಲ್ಲಿ ಚೀಲ ಸುರಿದು ಅಡಿಕೆಯನ್ನು ತರಗತಿವಾರು ಬೇರ್ಪಡಿಸುವಾಗಿನ ಧೂಳು ಇವೆಲ್ಲವುಗಳಲ್ಲಿ ಬೂಷ್ಟಿನ ಬೀಜಕ, ನುಸಿ ಮತ್ತು ಉದ್ರೇಕಕಾರಿ ಕಣಗಳು ಒಟ್ಟಿಗೇ ಇರಬಹುದು. ಕೆಲಸದ ದಿನಗಳಲ್ಲಿ ಹೆಚ್ಚಿ ರಜೆಯಲ್ಲಿ ತಗ್ಗುವ ನೆಗಡಿಯು ಕಸುಬಿನ ಕಾರಣವನ್ನು ಸೂಚಿಸುತ್ತದೆ.

ಲಕ್ಷಣಗಳು

ಸಾಲಾಗಿ ಬರುವ ಸೀನುಗಳು, ವಿಶೇಷವಾಗಿ ನಸುಕಿನಲ್ಲಿ ಎದ್ದೊಡನೆ, ಈ ರೋಗದ ಗುರುತು. ಸಿಂಬಳ ನೀರಿನಂತೆ ತೆಳ್ಳಗೂ ತಿಳಿಯಾಗಿಯೂ ಇರುತ್ತದೆ. ಅಂಗುಳು ಮತ್ತು ಕಿವಿಯೊಳಗೂ ತುರಿಕೆ ಕಾಣಿಸಿಕೊಳ್ಳಬಹುದು. ಕಣ್ಣು ಕೆಂಪಾಗಿ ನೀರೂರುತ್ತದೆ. ಸಿಂಬಳ ಗಂಟಲಿಗಿಳಿದು ಕೆಮ್ಮು ಬರುವುದು, ವಾಸನೆ ತಿಳಿಯದಿರುವುದು, ಬಾಯಲ್ಲಿ ಉಸಿರಾಡುವುದು, ನಿದ್ರೆ ಕೆಟ್ಟು ಹಗಲಿನಲ್ಲಿ ಮಂಕಾಗಿರುವುದು ಇತರ ಲಕ್ಷಣಗಳು. ಮಕ್ಕಳು ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜುವ ಅಭ್ಯಾಸದಿಂದ ಮೂಗಿನ ಮೇಲೆ ಅಡ್ಡಗೆರೆಯೊಂದು ಮೂಡುತ್ತದೆ. ಕಣ್ಣಿನ ಕೆಳಗೆ ಕಪ್ಪು ಛಾಯೆಯೂ ಕಾಣುತ್ತದೆ.

ವೈರಸ್ಸಿನಿಂದ ಬರುವ ಸಾಮಾನ್ಯ ಶೀತದಲ್ಲಿ ಮೈಕೈ ನೋವು, ಗಂಟಲು ನೋವು ಅಥವಾ ಜ್ವರ ಇದ್ದು, ಅದು ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ವಾಸಿಯಾಗುತ್ತದೆ. ಅಲರ್ಜಿ ನೆಗಡಿಯಲ್ಲಿ ತುರಿಕೆ ಹೆಚ್ಚು, ಜ್ವರವಿಲ್ಲ, ಮತ್ತು ಕಾರಣವಿರುವವರೆಗೂ ತೊಂದರೆ ಮುಂದುವರಿಯುತ್ತದೆ. ಆಸ್ತಮಾ ಇರುವವರಲ್ಲಿ ಬಹುಪಾಲು ಮಂದಿಗೆ ಅಲರ್ಜಿ ನೆಗಡಿಯೂ ಇರುವುದರಿಂದ, ಉಬ್ಬಸ, ಎದೆಬಿಗಿತ ಅಥವಾ ರಾತ್ರಿಯ ಕೆಮ್ಮು ಇದ್ದಲ್ಲಿ ಶ್ವಾಸಕೋಶದ ತಪಾಸಣೆ ಅಗತ್ಯ. ಒಂದೇ ಹೊಳ್ಳೆ ಸದಾ ಕಟ್ಟಿರುವುದು, ಸಿಂಬಳದಲ್ಲಿ ರಕ್ತ, ಮುಖದ ತೀವ್ರ ನೋವು ಬೇರೆ ರೋಗಗಳ ಸೂಚನೆಯಾಗಿರಬಹುದು.

ವಿಧಗಳು

ಹಳೆಯ ವಿಂಗಡಣೆಯಲ್ಲಿ ಪರಾಗದಿಂದ ಬರುವುದನ್ನು ಋತುಮಾನದ ಬಗೆಯೆಂದೂ, ನುಸಿ-ಬೂಷ್ಟುಗಳಿಂದ ಬರುವುದನ್ನು ವರ್ಷಪೂರ್ತಿಯ ಬಗೆಯೆಂದೂ ಕರೆಯಲಾಗುತ್ತಿತ್ತು. ಕಾಂಗ್ರೆಸ್ ಗಿಡದಂಥವು ವರ್ಷದ ಬಹುಭಾಗ ಹೂಬಿಡುವ ಉಷ್ಣವಲಯಕ್ಕೆ ಈ ವಿಂಗಡಣೆ ಸರಿಹೊಂದುವುದಿಲ್ಲ. 2001ರಲ್ಲಿ ಪ್ರಕಟವಾದ ‘ಏರಿಯಾ’ ಎಂಬ ಅಂತರರಾಷ್ಟ್ರೀಯ ಮಾರ್ಗದರ್ಶಿಯು ಅವಧಿಯನ್ನು ಆಧರಿಸಿ ಹೊಸ ವಿಂಗಡಣೆಯನ್ನು ರೂಪಿಸಿತು: ಲಕ್ಷಣಗಳು ವಾರದಲ್ಲಿ 4 ದಿನಗಳಿಗಿಂತ ಕಡಿಮೆ ಅಥವಾ ಸತತ 4 ವಾರಗಳಿಗಿಂತ ಕಡಿಮೆ ಇದ್ದರೆ ಬಿಟ್ಟುಬಿಟ್ಟು ಬರುವ ಬಗೆ, ಎರಡೂ ಮಿತಿಗಳನ್ನು ಮುಟ್ಟಿದರೆ ನಿರಂತರ ಬಗೆ. ನಿದ್ರೆ, ಕಲಿಕೆ ಅಥವಾ ದುಡಿಮೆಗೆ ಅಡ್ಡಿಯಾಗದಿದ್ದರೆ ಸೌಮ್ಯ, ಅಡ್ಡಿಯಾದರೆ ಮಧ್ಯಮ-ತೀವ್ರ ಎಂದು ಮತ್ತೆ ಎರಡಾಗಿ ವಿಭಾಗಿಸಲಾಗುತ್ತದೆ. ಚಿಕಿತ್ಸೆಯನ್ನು ಈ ಎರಡು ಅಳತೆಗಳ ಮೇಲೆ ನಿಶ್ಚಯಿಸಲಾಗುತ್ತದೆ.

ರೋಗನಿರ್ಣಯ

ತೊಂದರೆ ಯಾವ ತಿಂಗಳಲ್ಲಿ, ಯಾವ ಸ್ಥಳದಲ್ಲಿ, ಯಾವ ಕೆಲಸದ ಬಳಿಕ ಹೆಚ್ಚುತ್ತದೆ ಎಂಬ ವಿವರವೇ ನಿರ್ಣಯದ ಮೊದಲ ಆಧಾರ. ವೈದ್ಯರು ಮೂಗಿನ ಒಳಭಾಗವನ್ನು ಪರೀಕ್ಷಿಸಿ, ಮೂಗಿನ ನಡುಗೋಡೆಯ ಸೊಟ್ಟು, ಪಾಲಿಪ್ ಎಂಬ ಮೃದುಗಂಟು ಮತ್ತು ಸೈನಸ್ ಸೋಂಕುಗಳು ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳುತ್ತಾರೆ. ಚರ್ಮ ಚುಚ್ಚು ಪರೀಕ್ಷೆಯಲ್ಲಿ ಮುಂಗೈ ಮೇಲೆ ವಿವಿಧ ಅಲರ್ಜಿಕಾರಕಗಳ ಹನಿಗಳನ್ನಿಟ್ಟು ಸೂಜಿಯಿಂದ ಲಘುವಾಗಿ ಚುಚ್ಚಿ, 15–20 ನಿಮಿಷಗಳ ಬಳಿಕ ಮೂಡುವ ದದ್ದನ್ನು ಅಳೆಯಲಾಗುತ್ತದೆ. ಕೇವಲ ಲವಣದ ಹನಿಯಿಟ್ಟ ಜಾಗಕ್ಕೆ ಹೋಲಿಸಿದರೆ ದದ್ದು 3 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದಾಗಿದ್ದರೆ ಪರೀಕ್ಷೆ ಧನಾತ್ಮಕ. ಹಿಸ್ಟಮಿನ್ ತಡೆಯುವ ಮಾತ್ರೆಗಳನ್ನು ವೈದ್ಯರ ಸೂಚನೆಯಂತೆ ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ರಕ್ತದಲ್ಲಿನ ನಿರ್ದಿಷ್ಟ ಇಮ್ಯುನೊಗ್ಲಾಬುಲಿನ್-ಇ ಪರೀಕ್ಷೆ ಇದಕ್ಕೆ ಪರ್ಯಾಯ. ಪರೀಕ್ಷೆ ಧನಾತ್ಮಕವಾಗಿಯೂ ಲಕ್ಷಣಗಳಿಲ್ಲದವರು ಇರುವುದರಿಂದ, ಫಲಿತಾಂಶವು ರೋಗಿಯ ವಿವರದೊಡನೆ ತಾಳೆಯಾದಾಗ ಮಾತ್ರ ಅರ್ಥಪೂರ್ಣ.

ಉಪಶಮನ ಕ್ರಮಗಳು

ಅಲರ್ಜಿಕಾರಕದಿಂದ ದೂರವಿರುವುದು: ಹಾಸಿಗೆಯ ಹೊದಿಕೆಗಳನ್ನು ವಾರಕ್ಕೊಮ್ಮೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯುವುದರಿಂದ ನುಸಿಗಳು ಸಾಯುತ್ತವೆ, ಹಾಸಿಗೆ-ದಿಂಬುಗಳನ್ನು ಬಿಸಿಲಿಗೆ ಹಾಕುವುದರಿಂದ ತೇವ ತಗ್ಗುತ್ತದೆ. ಒಣ ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿದರೆ ಧೂಳು ಮೇಲೇಳುವುದಿಲ್ಲ. ಹಬ್ಬದ ಮುಂಚೆ ಅಟ್ಟ ಇಳಿಸಿ ಜೇಡರಬಲೆ ತೆಗೆಯುವ ಕೆಲಸವನ್ನು ಅಲರ್ಜಿ ಇಲ್ಲದವರು ಮಾಡುವುದು, ಅಥವಾ ಮೂಗು-ಬಾಯಿ ಮುಚ್ಚುವ ಮಾಸ್ಕ್ ಧರಿಸಿ ಮಾಡುವುದು ಸೂಕ್ತ. ಮಳೆಗಾಲದಲ್ಲಿ ಸೋರಿಕೆಯನ್ನು ಸರಿಪಡಿಸುವುದು, ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಹಾಕದಿರುವುದು ಬೂಷ್ಟನ್ನು ತಡೆಯುತ್ತವೆ. ಪರಾಗದ ಕಾಲದಲ್ಲಿ ಹೊರಗಿನಿಂದ ಬಂದೊಡನೆ ಮುಖ ತೊಳೆದು ಬಟ್ಟೆ ಬದಲಿಸುವುದು, ದ್ವಿಚಕ್ರ ವಾಹನದಲ್ಲಿ ಗಾಜು ಮುಚ್ಚಿದ ಹೆಲ್ಮೆಟ್ ಬಳಸುವುದು ಉಪಯುಕ್ತ. ಕಾಂಗ್ರೆಸ್ ಗಿಡವನ್ನು ಹೂಬಿಡುವ ಮುನ್ನ, ಕೈಗವಸು ಧರಿಸಿ ಬೇರುಸಹಿತ ಕೀಳಬೇಕು.

ಮೂಗು ತೊಳೆಯುವುದು: ಉಪ್ಪುನೀರಿನಿಂದ ಮೂಗನ್ನು ತೊಳೆಯುವುದು ಅಂಟಿದ ಕಣಗಳನ್ನು ಹೊರಹಾಕುತ್ತದೆ, ಯೋಗಪದ್ಧತಿಯ ಜಲನೇತಿಯೂ ಇದೇ ಬಗೆಯದು. ಕೊಳವೆಬಾವಿ, ಕೆರೆ ಅಥವಾ ನಲ್ಲಿಯ ಹಸಿ ನೀರಿನಲ್ಲಿ ಮಿದುಳಿಗೆ ಮಾರಕವಾದ ಅಮೀಬಾ ಇರುವ ಸಂಭವವಿರುವುದರಿಂದ, ಕುದಿಸಿ ಆರಿಸಿದ ನೀರನ್ನೇ ಬಳಸಬೇಕು.

ಔಷಧಿಗಳು: ಹಿಸ್ಟಮಿನ್ ತಡೆಯುವ ಮಾತ್ರೆಗಳು ಸೀನು, ತುರಿಕೆ ಮತ್ತು ನೀರೂರುವಿಕೆಯನ್ನು ಬೇಗ ತಗ್ಗಿಸುತ್ತವೆ, ಮೂಗು ಕಟ್ಟುವುದಕ್ಕೆ ಅಷ್ಟಾಗಿ ಫಲಕಾರಿಯಲ್ಲ. ಹಳೆಯ ಪೀಳಿಗೆಯ ಕ್ಲೋರ್‌ಫೆನಿರಮೈನ್ ತೂಕಡಿಕೆ ತರುತ್ತದೆ. ಸೆಟಿರಿಜಿನ್‌ನಲ್ಲಿ ಅದು ಕಡಿಮೆ, ಲೊರಟಡಿನ್, ಫೆಕ್ಸೊಫೆನಡಿನ್ ಮತ್ತು ಬಿಲಾಸ್ಟಿನ್‌ಗಳಲ್ಲಿ ಇನ್ನೂ ಕಡಿಮೆ. ವಾಹನ ಚಾಲಕರೂ ಯಂತ್ರಗಳಲ್ಲಿ ದುಡಿಯುವವರೂ ಈ ವ್ಯತ್ಯಾಸವನ್ನು ಗಮನಿಸಬೇಕು. ನಿರಂತರ ಅಥವಾ ಮಧ್ಯಮ-ತೀವ್ರ ಬಗೆಯಲ್ಲಿ ಫ್ಲೂಟಿಕಾಸೋನ್, ಮೊಮೆಟಾಸೋನ್, ಬುಡೆಸೊನೈಡ್ ಮುಂತಾದ ಸ್ಟೀರಾಯ್ಡ್ ಮೂಗಿನ ಸಿಂಪಡಣೆ ಅತ್ಯಂತ ಪರಿಣಾಮಕಾರಿ ಚಿಕಿತ್ಸೆ. ಇದರ ಪೂರ್ಣ ಫಲ ಕಾಣಲು ಒಂದೆರಡು ವಾರ ಬೇಕಾಗುವುದರಿಂದ, ಎರಡು ದಿನ ಬಳಸಿ ನಿಲ್ಲಿಸಿದವರಿಗೆ ಔಷಧಿ ನಿಷ್ಪ್ರಯೋಜಕವೆಂಬ ತಪ್ಪು ಅಭಿಪ್ರಾಯ ಉಂಟಾಗುತ್ತದೆ. ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಎಡಗೈಯಿಂದ ಬಲಹೊಳ್ಳೆಗೂ ಬಲಗೈಯಿಂದ ಎಡಹೊಳ್ಳೆಗೂ, ನಳಿಕೆಯ ತುದಿ ನಡುಗೋಡೆಯತ್ತ ಇರದೆ ಹೊರಬದಿಗೆ ತಿರುಗಿರುವಂತೆ ಸಿಂಪಡಿಸಿದರೆ ಮೂಗಿನಲ್ಲಿ ರಕ್ತ ಬರುವ ಸಂಭವ ತಗ್ಗುತ್ತದೆ.

ಆಕ್ಸಿಮೆಟಾಜೋಲಿನ್ ಮತ್ತು ಕ್ಸೈಲೊಮೆಟಾಜೋಲಿನ್ ಹನಿಗಳು ಕಟ್ಟಿದ ಮೂಗನ್ನು ಕೂಡಲೇ ತೆರೆಯುತ್ತವೆ. ಆದರೆ 3ರಿಂದ 5 ದಿನಗಳಿಗಿಂತ ಹೆಚ್ಚು ಬಳಸಿದರೆ ಔಷಧಿ ಬಿಟ್ಟೊಡನೆ ಮೂಗು ಮೊದಲಿಗಿಂತ ಹೆಚ್ಚಾಗಿ ಕಟ್ಟುವ ಸ್ಥಿತಿ ಉಂಟಾಗುತ್ತದೆ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆತ ಶೀತದ ಸಿರಪ್ಪನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಭಾರತದ ಔಷಧ ನಿಯಂತ್ರಕರು 2023ರಲ್ಲಿ ಸೂಚಿಸಿದ್ದಾರೆ. ಮಾಂಟೆಲುಕಾಸ್ಟ್ ಮಾತ್ರೆಯಿಂದ ಮನಸ್ಥಿತಿಯಲ್ಲಿ ಬದಲಾವಣೆಗಳಾಗಬಹುದೆಂದು ಅಮೆರಿಕದ ಔಷಧ ಆಡಳಿತವು 2020ರಲ್ಲಿ ತೀವ್ರ ಎಚ್ಚರಿಕೆ ನೀಡಿದ್ದರಿಂದ, ಅದನ್ನು ವೈದ್ಯರ ನಿಗಾದಲ್ಲಿ ಮಾತ್ರ ಬಳಸಬೇಕು. ಗರ್ಭಿಣಿಯರು ಯಾವ ಔಷಧಿಯನ್ನೂ ಸ್ವತಃ ನಿರ್ಧರಿಸಿ ತೆಗೆದುಕೊಳ್ಳಬಾರದು.

ಅಲರ್ಜಿಕಾರಕ ಚಿಕಿತ್ಸೆ: ಪರೀಕ್ಷೆಯಿಂದ ಗುರುತಿಸಿದ ಅಲರ್ಜಿಕಾರಕವನ್ನೇ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಹೆಚ್ಚಿಸುತ್ತ, ಚುಚ್ಚುಮದ್ದಾಗಿ ಅಥವಾ ನಾಲಗೆಯಡಿಯ ಔಷಧಿಯಾಗಿ ಕನಿಷ್ಠ 3 ವರ್ಷ ಕೊಡುವ ಈ ಕ್ರಮವು ರಕ್ಷಣಾ ವ್ಯವಸ್ಥೆಯ ವರ್ತನೆಯನ್ನೇ ಬದಲಿಸುತ್ತದೆ. ಅಪರೂಪಕ್ಕೆ ಜೀವಾಪಾಯದ ಪ್ರತಿಕ್ರಿಯೆ ಸಂಭವಿಸುವುದರಿಂದ, ಚುಚ್ಚುಮದ್ದಿನ ಬಳಿಕ ರೋಗಿಯನ್ನು 30 ನಿಮಿಷ ಆಸ್ಪತ್ರೆಯಲ್ಲೇ ಇರಿಸಿಕೊಳ್ಳಲಾಗುತ್ತದೆ.

ಮನೆಮದ್ದು ಮತ್ತು ಆಯುರ್ವೇದ

ಶುಂಠಿ, ಕಾಳುಮೆಣಸು ಮತ್ತು ಜೀರಿಗೆಯ ಕಷಾಯ, ದೊಡ್ಡಪತ್ರೆ ಮತ್ತು ತುಳಸಿಯ ರಸ, ಹಬೆ ತೆಗೆದುಕೊಳ್ಳುವುದು ಮಲೆನಾಡಿನ ಮನೆಗಳಲ್ಲಿ ರೂಢಿಯಲ್ಲಿವೆ. ಬಿಸಿ ಪಾನೀಯ ಮತ್ತು ಹಬೆಯಿಂದ ಸಿಂಬಳ ಸಡಿಲವಾಗಿ ತಾತ್ಕಾಲಿಕ ಆರಾಮ ದೊರೆಯುತ್ತದೆಯಾದರೂ, ಅಲರ್ಜಿಯ ಮೂಲ ಪ್ರತಿಕ್ರಿಯೆ ಅದರಿಂದ ಬದಲಾಗುವುದಿಲ್ಲ. ಕುದಿಯುವ ನೀರಿನ ಪಾತ್ರೆಯಿಂದ ಮಕ್ಕಳಿಗೆ ಸುಟ್ಟಗಾಯಗಳಾಗುವ ಅಪಾಯವೂ ಇದೆ. ಅರಿಶಿನದ ಕೊಂಬನ್ನು ಸುಟ್ಟು ಹೊಗೆ ಸೇದುವುದು, ನಶ್ಯ ಏರಿಸುವುದು ಉದ್ರೇಕಕಾರಿಗಳನ್ನು ನೇರವಾಗಿ ಮೂಗಿಗೆ ಸೇರಿಸುವುದರಿಂದ ತೊಂದರೆಯನ್ನು ಹೆಚ್ಚಿಸಬಹುದು. ಆಯುರ್ವೇದದಲ್ಲಿ ಅಣುತೈಲದ ನಸ್ಯಕರ್ಮ, ಅಂದರೆ ಮೂಗಿಗೆ ಔಷಧೀಯ ಎಣ್ಣೆಯನ್ನು ಬಿಡುವ ಕ್ರಮ, ಅರ್ಹ ವೈದ್ಯರ ಮೇಲ್ವಿಚಾರಣೆಯಲ್ಲಿ ನಡೆಯತಕ್ಕದ್ದು.

ಪ್ರಸ್ತುತ ಸ್ಥಿತಿ

ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಬೋಧನಾ ಆಸ್ಪತ್ರೆಯು ಜಿಲ್ಲೆಯ ಪ್ರಮುಖ ಸರಕಾರಿ ಚಿಕಿತ್ಸಾ ಕೇಂದ್ರವಾಗಿದ್ದು, ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಈ ರೋಗಕ್ಕೆ ಚಿಕಿತ್ಸೆ ನೀಡಲಾಗುತ್ತದೆ. ಸೆಟಿರಿಜಿನ್ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದ್ದು ಕಡಿಮೆ ಬೆಲೆಗೆ ದೊರೆಯುತ್ತದೆ. ಕಳೆಯ ನಿಯಂತ್ರಣಕ್ಕಾಗಿ ಮೆಕ್ಸಿಕೊದಿಂದ ತರಿಸಿದ, ಕಾಂಗ್ರೆಸ್ ಗಿಡದ ಎಲೆಯನ್ನು ತಿನ್ನುವ ಜೈಗೋಗ್ರಾಮ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಮೊದಲ ಬಾರಿಗೆ ಬಿಡಲಾಯಿತು. ಅದು ಮಳೆಗಾಲದಲ್ಲಿ ಚುರುಕಾಗಿದ್ದು ಒಣಹವೆಯಲ್ಲಿ ಮಣ್ಣೊಳಗೆ ಸುಪ್ತವಾಗಿರುವುದರಿಂದ ನಿಯಂತ್ರಣ ಭಾಗಶಃ ಮಾತ್ರ ಸಾಧ್ಯವಾಗಿದೆ. ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯದ ಆಶ್ರಯದಲ್ಲಿ ಪ್ರತಿವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹವನ್ನು ಆಚರಿಸಲಾಗುತ್ತದೆ. ಬೆಂಗಳೂರಿಗಾಗಿ ಸಿದ್ಧಪಡಿಸಿದ ಪರಾಗ ಪಂಚಾಂಗ, ಅಂದರೆ ಯಾವ ತಿಂಗಳಲ್ಲಿ ಯಾವ ಪರಾಗ ಗಾಳಿಯಲ್ಲಿರುತ್ತದೆಂಬ ಪಟ್ಟಿ, ಅಡಿಕೆ ತೋಟ ಮತ್ತು ಎಲೆಯುದುರುವ ಕಾಡಿನ ನಡುವಣ ಶಿವಮೊಗ್ಗ–ಭದ್ರಾವತಿಗೆ ಹಾಗೆಯೇ ಅನ್ವಯಿಸುವುದಿಲ್ಲವಾದ್ದರಿಂದ, ತೊಂದರೆಯ ದಿನ, ಸ್ಥಳ ಮತ್ತು ಸಂದರ್ಭಗಳನ್ನು ರೋಗಿಯು ಒಂದು ವರ್ಷ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸುವುದು ಈ ಪರಿಸರದಲ್ಲಿ ಅಲರ್ಜಿಕಾರಕವನ್ನು ಗುರುತಿಸಲು ವಿಶೇಷವಾಗಿ ಸಹಕಾರಿ. ಅಲರ್ಜಿ ನೆಗಡಿಯನ್ನು ಪೂರ್ಣವಾಗಿ ಇಲ್ಲವಾಗಿಸುವುದು ಎಲ್ಲರಲ್ಲೂ ಸಾಧ್ಯವಿಲ್ಲ. ಆದರೆ ಕಾರಣವನ್ನು ಗುರುತಿಸಿ ದೂರವಿಡುವುದು ಮತ್ತು ಔಷಧಿಯನ್ನು ಸರಿಯಾದ ಕ್ರಮದಲ್ಲಿ ನಿಯತವಾಗಿ ಬಳಸುವುದರಿಂದ ಬಹುಪಾಲು ರೋಗಿಗಳಲ್ಲಿ ಲಕ್ಷಣಗಳು ಹತೋಟಿಗೆ ಬರುತ್ತವೆ.